ಬೋಗುಣಿ ಹಿಡಿದವಳು, ಹೂಂಗುಟ್ಟಿದವಳು

ಮೊದಲಿಗೆ, ಮಾತನ್ನು ಕೊಟ್ಟ ಶಾರದೆಗೂ, ಆ ಮಾತಿನ ಅರ್ಥವನ್ನು ಬಿಡಿಸಲು ಕಲಿಸಿದ ಗುರುಗಳಿಗೂ, ಅಪರಿಚಿತಳಾದ ನನಗೆ ನಿಲ್ಲಲು ನೆಲವನ್ನೂ ಕುಡಿಯಲು ನೀರನ್ನೂ ಕೊಟ್ಟ ಈ ದಕ್ಷಿಣದ ಭೂಮಿಗೂ, ಅದನ್ನು ಅನಾದಿಯಿಂದ ಕಾದುಕೊಂಡು ಬಂದ ಮೂಲಜನರಿಗೂ ನಮಸ್ಕಾರ. ಕಥೆ ಹೇಳುವವರಿಗೆ ಕೇಳುವ ಕಿವಿಗಿಂತ ದೊಡ್ಡ ಪ್ರಸಾದವಿಲ್ಲ. ಅಂಥ ಕಿವಿಯೊಂದನ್ನು ಈ ಮುಪ್ಪಿನಲ್ಲಿ ಕರುಣಿಸಿದ ಭಗವಂತನಿಗೆ ಕೃತಜ್ಞಳಾಗಿ ಈ ವೃತ್ತಾಂತವನ್ನು ಆರಂಭಿಸುತ್ತೇನೆ.

ಸಿಡ್ನಿಯ ಎಪ್ಪಿಂಗ್‌ಗೆ ಬಂದಿಳಿದ ಮರುದಿನ ಮಧ್ಯಾಹ್ನ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಹಳದಿ ಜುಟ್ಟಿನ ಬಿಳಿಯ ದೊಡ್ಡ ಗಿಳಿಗಳು ನೀಲಗಿರಿ ಮರದ ತುಂಬ ಕುಳಿತು, ತಗಡನ್ನು ಹರಿದಂಥ ದನಿಯಲ್ಲಿ ಕಿರುಚುತ್ತಿದ್ದವು. ನಮ್ಮ ಕಡೆ ಗಿಳಿಯೆಂದರೆ ಶಾರದೆಯ ಕೈಯಲ್ಲಿ ಕೂರುವ ಮೃದುಭಾಷಿ. ಇವು ಯಾರ ಕೈಯಲ್ಲೂ ಕೂರುವ ಜಾತಿಯಲ್ಲ. ಅವುಗಳ ಗದ್ದಲ ನಿಂತ ಕ್ಷಣದಲ್ಲಿ ಪಕ್ಕದ ಮನೆಯ ಮೆಟ್ಟಿಲಿನಿಂದ ನನ್ನ ಮೊಮ್ಮಗಳು ಅನಘಾಳ ದನಿ ಕೇಳಿಸಿತು. "ಹೂಂ." ಆಮೇಲೆ ಯಾರೋ ವೃದ್ಧೆಯ ನಿಧಾನವಾದ ಇಂಗ್ಲಿಷು. ಮತ್ತೆ ಅನಘಾ, "ಹೂಂ."

ನನ್ನ ಕೈಯಲ್ಲಿದ್ದ ಒದ್ದೆ ಸೀರೆ ಅಲ್ಲೇ ನಿಂತಿತು.

ನಮ್ಮಲ್ಲಿ ಹೂಂಗುಟ್ಟುವವರಿಲ್ಲದೆ ಕಥೆ ಮುಂದೆ ಹೋಗುವುದಿಲ್ಲವೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಹಿಂದಿನ ವರ್ಷ ಮಗಳ ಸಂಸಾರ ರಜೆಗೆಂದು ತಿಪಟೂರಿಗೆ ಬಂದಿದ್ದಾಗ, ಆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನಾನೇ ಆ ಹೂಂಕಾರವನ್ನು ಕಲಿಸಿದ್ದೆ. "ನೀನು ಹೂಂ ಅನ್ನದಿದ್ರೆ ರಾಜಕುಮಾರಿ ಬಾಗಿಲಲ್ಲೇ ನಿಂತಿರ್ತಾಳೆ, ಒಳಗೆ ಬರಲ್ಲ" ಎಂದಿದ್ದೆ. ನಾನು ಕೊಟ್ಟ ಆ ಒಡವೆಯನ್ನು ತೊಟ್ಟುಕೊಂಡು ಅವಳು ಬೇರೊಬ್ಬರ ಜಗುಲಿಯಲ್ಲಿ ಕುಳಿತಿದ್ದಳು.

"ಅದು ಗುನಿಲ್ಡ್ ಕಣಮ್ಮ" ಎಂದಳು ಮಗಳು ಸುಮಾ. "ನಾರ್ವೆಯವರು. ಮದುವೆಯಾದ ಹೊಸದರಲ್ಲಿ ಹಡಗಲ್ಲಿ ಬಂದೋರಂತೆ, ಈಗ ಒಬ್ಬರೇ. ನಾನೂ ರಘೂನೂ ಕೆಲಸದಿಂದ ಬರೋವರೆಗೆ ಇವಳನ್ನ ನೋಡ್ಕೊಂಡಿದ್ದೇ ಅವರು."

"ಇನ್ನು ನಾನಿದ್ದೀನಲ್ಲ."

"ಇದ್ದೀಯ. ಆದ್ರೆ ಅವಳಿಗೆ ಅವರು ನ್ಯಾನ್."

ನ್ಯಾನ್ ಎಂದರೆ ಈ ದೇಶದ ಮಕ್ಕಳ ಬಾಯಲ್ಲಿ ಅಜ್ಜಿ. ಆ ಒಂದು ಶಬ್ದ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು.

ಇಂಥ ಮನೆಗೆ ಇಲ್ಲಿಯವರು ಯೂನಿಟ್ ಎನ್ನುತ್ತಾರೆ. ಕೆಂಪು ಇಟ್ಟಿಗೆಯ ಒಂದೇ ಕಟ್ಟಡದಲ್ಲಿ ಹಲವು ಸಂಸಾರಗಳು, ಎಲ್ಲರಿಗೂ ಸೇರಿ ಒಂದು ಹಿತ್ತಲು. ಹೊಗೆಯೆದ್ದರೆ ಕೂಗುವ ಯಂತ್ರವೊಂದು ಚಾವಣಿಯಲ್ಲಿರುವುದರಿಂದ ಧೂಪವನ್ನು ಕಿಟಕಿ ತೆರೆದು ಹಾಕಬೇಕು. ತಿಪಟೂರಿನಲ್ಲಿ ಬೆಳಗಾದರೆ ಬೀದಿಯೇ ಮನೆಯೊಳಗೆ ಬರುತ್ತಿತ್ತು. ಇಲ್ಲಿ ಎದುರಾದವರು ಮುಗುಳ್ನಕ್ಕು, ನಕ್ಕ ವೇಗದಲ್ಲೇ ಮುಖವನ್ನು ಮಡಚಿಟ್ಟುಕೊಂಡು ಹೋಗುತ್ತಾರೆ. ಅವು ಬರಗಾಲದ ವರ್ಷಗಳು. ತೋಟಕ್ಕೆ ನಲ್ಲಿಯ ನೀರು ಬಿಡಲು ನಿರ್ಬಂಧವಿತ್ತು. ಸ್ನಾನದ ನೀರಿಗೆ ಬಕೆಟ್ಟು, ಪಾತ್ರೆ ತೊಳೆದ ನೀರಿಗೆ ಬೋಗುಣಿ. ಹೀಗೆ ಹಿಡಿದಿಟ್ಟ ನೀರೇ ಗಿಡಗಳಿಗೆ ಗತಿ. ನಾನು ಅಕ್ಕಿ ತೊಳೆದ ನೀರನ್ನು ಕರಿಬೇವಿನ ಕುಂಡಕ್ಕೆ ಒಯ್ಯುವಾಗ ಗುನಿಲ್ಡಮ್ಮನವರು ನೀಲಿ ಅಂಚಿನ ಎನಾಮಲ್ ಬೋಗುಣಿಯನ್ನು ಎರಡೂ ಕೈಗಳಲ್ಲಿ ಹಿಡಿದು ತಮ್ಮ ಗುಲಾಬಿಗೆ ಒಯ್ಯುತ್ತಿದ್ದರು. ಎತ್ತರದ, ನೆಟ್ಟಗಿನ ಹೆಂಗಸು. ಒಂದು ಹನಿಯನ್ನೂ ಚೆಲ್ಲುತ್ತಿರಲಿಲ್ಲ. ಅದಕ್ಕೂ ನನಗೆ ಅವರ ಮೇಲೆ ಸಿಟ್ಟಿತ್ತು.

ಅವರು ಹೇಳುತ್ತಿದ್ದ ಕಥೆ ಯಾವುದೆಂದು ಅನಘಾಳನ್ನು ಕೇಳಿದೆ. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಅವಳು ಒಪ್ಪಿಸಿದ್ದು ಹೀಗಿತ್ತು. ಉತ್ತರದ ಹಿಮದ ನಾಡಿನ ದೇವತೆಗಳಲ್ಲಿ ಲೋಕಿ ಎಂಬ ಕಪಟಿಯೊಬ್ಬನಿದ್ದ. ಎಲ್ಲರ ಮುದ್ದಿನ ದೇವಕುಮಾರನ ಸಾವಿಗೆ ಅವನು ಕಾರಣನಾದ. ದೇವತೆಗಳು ಅವನನ್ನು ಗುಹೆಯ ಬಂಡೆಗೆ ಬಿಗಿದು, ಮುಖದ ಮೇಲೆ ವಿಷ ತೊಟ್ಟಿಕ್ಕುವಂತೆ ಹಾವೊಂದನ್ನು ಕಟ್ಟಿದರು. ಅವನ ಹೆಂಡತಿ ಸಿಗಿನ್ ಪಕ್ಕದಲ್ಲಿ ನಿಂತು ಆ ಹನಿಗಳನ್ನು ಬೋಗುಣಿಯಲ್ಲಿ ಹಿಡಿಯುತ್ತಾಳೆ. ಅದು ತುಂಬಿದಾಗ ಚೆಲ್ಲಲು ಹೋಗಲೇಬೇಕು. ಆ ಹೊತ್ತಿನಲ್ಲಿ ಹನಿ ಅವನ ಮುಖಕ್ಕೆ ಬೀಳುತ್ತದೆ, ಅವನು ನೋವಿಗೆ ಹೊರಳಾಡುತ್ತಾನೆ, ಭೂಮಿ ನಡುಗುತ್ತದೆ.

"ಆಮೇಲೆ?"

"ಅಷ್ಟೇ ಅಜ್ಜಿ. ಫಿನಿಶ್."

ಇದೆಂಥ ಕೊನೆ! ತಿಪಟೂರಿನ ದೇವಸ್ಥಾನಗಳಲ್ಲಿ ನಮ್ಮಕ್ಕ ಕಾವ್ಯವನ್ನು ರಾಗವಾಗಿ ಓದುತ್ತಿದ್ದಳು, ನಾನು ಪಕ್ಕದಲ್ಲಿ ಕುಳಿತು ಅರ್ಥ ಹೇಳುತ್ತಿದ್ದೆ. ಗಮಕವೆಂದರೆ ಹಾಗೆ, ಇಬ್ಬರ ಕೆಲಸ. ಯಾರೋ ನರಳುತ್ತಿರುವಾಗ ನಾವು ಎಂದೂ ಗ್ರಂಥವನ್ನು ಮುಚ್ಚಿದವರಲ್ಲ. ಹೊತ್ತು ಮೀರಿದರೂ ಒಂದು ಶುಭದ ಮಾತಿಗೆ ತಲುಪಿಸಿ, ಆಮೇಲೆ ಮಂಗಳಾರತಿ. ಈ ಹೆಂಗಸು ಮಗುವನ್ನು ವಿಷದ ಗುಹೆಯಲ್ಲಿ ಬಿಟ್ಟು ತಾನು ಚಹಾ ಕುಡಿಯಲು ಎದ್ದುಹೋಗಿದ್ದರು. ನಾನೇ ಕಥೆಯನ್ನು ಪೂರೈಸಿದೆ. ಸಿಗಿನ್ ಕಣ್ಮುಚ್ಚಿ ಪ್ರಾರ್ಥಿಸಿದಳು, ಗುಹೆ ಬೆಳಗಿತು, ಹಾಲಾಹಲವನ್ನೇ ಕುಡಿದ ನೀಲಕಂಠ ಬಂದು ಆ ಬೋಗುಣಿಯ ವಿಷವನ್ನೂ ಕುಡಿದ, ಹಾವು ಅವನ ಕೊರಳಿನ ಆಭರಣವಾಯಿತು. ನನಗೇ ರೋಮಾಂಚನವಾಯಿತು. ಹೇಳುವುದಾದರೆ, ನಾರ್ವೆಯ ಕಥೆಯನ್ನು ಗೆದ್ದುಕೊಂಡೆನೆಂಬ ಹಿಗ್ಗು ಅದರಲ್ಲಿ ಹೆಚ್ಚಿತ್ತು.

ಅನಘಾ ಹೂಂಗುಟ್ಟಲಿಲ್ಲ. "ದಟ್ಸ್ ಚೀಟಿಂಗ್, ಅಜ್ಜಿ" ಎಂದು ನೇರವಾಗಿ ಪಕ್ಕದ ಮನೆಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಗುನಿಲ್ಡಮ್ಮ ಹಿತ್ತಲಿಗೆ ಬಂದರು. ನಡುವೆ ದುಭಾಷಿಯಾಗಿ ಅನಘಾ ನಿಂತಳು.

"ನ್ಯಾನ್ ಹೇಳ್ತಿದಾರೆ, ಅಲ್ಲಿಗೆ ಯಾರೂ ಬರಲ್ವಂತೆ."

"ಯಾರೂ ಬರದಿದ್ರೆ ಅವಳ ಕೈ ನೋಯಲ್ವಾ ಅಂತ ಕೇಳು."

ಕೇಳಿದಳು. ಗುನಿಲ್ಡಮ್ಮ ನನ್ನ ಮುಖವನ್ನೇ ನೋಡುತ್ತ ಏನೋ ಹೇಳಿದರು.

"ನೋಯತ್ತಂತೆ. ಅದೇ ಕಥೆಯಂತೆ."

"ಇಂಥ ಕಥೇನ ಮಕ್ಕಳಿಗೆ ಹೇಳ್ತಾರಾ?"

"ಅವರಮ್ಮ ಅವರಿಗೆ ಹೇಳಿದ್ರಂತೆ, ಅಜ್ಜಿ. ಮೀನು ಕ್ಲೀನ್ ಮಾಡ್ತಾ."

ಮುಂದಿನ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ಸಮಾಧಾನವಿಲ್ಲ. ಶಾಲೆಯಿಂದ ಬಂದವಳಿಗೆ ಕೋಡುಬಳೆ, ತಂಬಿಟ್ಟು ಮಾಡಿ ಕಾದೆ. ತಿಂದು, ಬಾಯೊರೆಸಿಕೊಂಡು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ "ಇದು ನ್ಯಾನ್‌ಗೆ" ಎಂದು ಒಯ್ಯುತ್ತಿದ್ದಳು. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿನಲ್ಲಿ ಆಚೆಯ ಮೆಟ್ಟಿಲಿನಿಂದ ಬರುವ ಒಂದೊಂದು ಹೂಂಕಾರವೂ ನನ್ನ ಜಪವನ್ನು ಕೆಡಿಸುತ್ತಿತ್ತು. ದೇವರ ಮುಂದೆ ಕುಳಿತು ಮತ್ತೊಬ್ಬ ಮುದುಕಿಯ ಗಂಟಲು ಕಟ್ಟಲಿ ಎಂದು ಬಯಸುವಷ್ಟರ ಮಟ್ಟಿಗೆ ಇಳಿದಿದ್ದೆ.

ಆದ್ದರಿಂದ ಅಳಿಯ ರಘು ಒಂದು ದಿನ "ಅತ್ತೆ, ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ತು. ಗ್ಲೆನ್ ವೇವರ್ಲಿಯಲ್ಲಿ ಮನೆ ನೋಡ್ತಿದೀವಿ, ಸ್ಕೂಲ್ ಚೆನ್ನಾಗಿದೆ ಆ ಸಬರ್ಬ್‌ನಲ್ಲಿ" ಎಂದಾಗ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಶಾಲೆ ಚೆನ್ನಾಗಿದೆಯೆಂದು ಹಚ್ಚಿದ್ದಲ್ಲ. ಹೊರಡುವ ಬೆಳಿಗ್ಗೆ ಗುನಿಲ್ಡಮ್ಮ ಆ ನೀಲಿ ಅಂಚಿನ ಬೋಗುಣಿಯನ್ನು ತಂದು ಅನಘಾಳ ಕೈಗಿಟ್ಟರು. ಮಗುವನ್ನು ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಕಾರು ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ. ಹಿಡಿಯಲು ಏನೂ ಇಲ್ಲದ ಅವರ ಕೈಗಳು ಎದೆಯ ಮಟ್ಟದಲ್ಲಿ ಹಾಗೇ ಇದ್ದವು.

ಗ್ಲೆನ್ ವೇವರ್ಲಿ ರೈಲಿನ ಕೊನೆಯ ನಿಲ್ದಾಣ. ಅಲ್ಲಿಂದ ಮುಂದೆ ಹಳಿಯಿಲ್ಲ. ಸಿಡ್ನಿಯ ಬಿಸಿಲು ಒಂದೇ ಸ್ವಭಾವದ್ದಾಗಿತ್ತು. ಮೆಲ್ಬರ್ನಿನ ಆಕಾಶ ಬೆಳಿಗ್ಗೆ ಉರಿದು, ಮಧ್ಯಾಹ್ನ ಗಾಳಿ ಬೀಸಿ, ಸಂಜೆಗೆ ಚಳಿಯಿಂದ ಮೂಳೆಯನ್ನು ಹುಡುಕುತ್ತದೆ. ಕರಿಬೇವು ಹೊರಗೆ ಬದುಕಲಾರದೆ ಅಡುಗೆಮನೆಯ ಕಿಟಕಿಗೆ ಬಂತು, ನನ್ನ ಹಾಗೆಯೇ. ಸ್ವತಂತ್ರ ಮನೆ, ವಿಶಾಲವಾದ ಹಿತ್ತಲು, ಪಕ್ಕದಲ್ಲಿ ಯಾವ ನ್ಯಾನೂ ಇಲ್ಲ. ಮಗು ಪೂರ್ತಿಯಾಗಿ ನನ್ನದಾಯಿತು ಎಂದುಕೊಂಡೆ.

ದಿನವೂ ಕಥೆ ಹೇಳಿದೆ. ಧ್ರುವನನ್ನು ಕರೆತಂದೆ, ಸಾವಿತ್ರಿಯನ್ನು ಕರೆತಂದೆ. ಅನಘಾ ಸುಮ್ಮನೆ ಕೂರುತ್ತಿದ್ದಳು.

"ಹೂಂ ಅನ್ನೇ."

"ಕೇಳಿಸ್ಕೊಳ್ತಿದೀನಲ್ಲ ಅಜ್ಜಿ."

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಬಟ್ ನಿನ್ನ ಕಥೇಲಿ ಯಾವಾಗ್ಲೂ ಯಾರೋ ಬರ್ತಾರೆ. ನಂಗೆ ಮೊದಲೇ ಗೊತ್ತಿರತ್ತೆ."

ಜೀವಮಾನವಿಡೀ ಅರ್ಥ ಹೇಳಿದವಳು ಒಂದು ಮಗುವಿನ ಮೌನಕ್ಕೆ ಅರ್ಥ ಹೇಳಲಾರದೆ ಹೋದೆ. ನಮ್ಮಕ್ಕನ ಜೊತೆ ಕುಳಿತ ದಿನಗಳಲ್ಲೂ ಜನ ಹೊಗಳುತ್ತಿದ್ದುದು ಅವಳ ಕಂಠವನ್ನೇ. ಅರ್ಥ ಹೇಳಿದವಳ ಹೆಸರನ್ನು ಕೇಳಿದವರು ಕಡಿಮೆ. ಆಗಲೂ ಹೊಟ್ಟೆಯಲ್ಲಿ ಇದೇ ಉರಿ ಇತ್ತು.

ಒಂದು ಭಾನುವಾರದ ಬೆಳಿಗ್ಗೆ ನಲ್ಲಿಯ ಕೆಳಗೆ ಗುನಿಲ್ಡಮ್ಮನ ಬೋಗುಣಿಯಿಟ್ಟು ಸೊಪ್ಪು ತೊಳೆದೆ. ತುಂಬಿದ ಬೋಗುಣಿಯನ್ನೆತ್ತಿಕೊಂಡು ಹಿತ್ತಲಿನ ಮಲ್ಲಿಗೆ ಬಳ್ಳಿಗೆ ಹೋದೆ. ನೀರನ್ನು ಸುರಿದ ಮೇಲೂ ಅಲ್ಲೇ ನಿಂತೆ. ಮಲ್ಲಿಗೆಯಲ್ಲಿ ನೋಡಲು ಏನೂ ಇರಲಿಲ್ಲ. ನಾನು ಎಪ್ಪಿಂಗ್‌ನ ಮೆಟ್ಟಿಲನ್ನು ನೋಡುತ್ತಿದ್ದೆ. ಹಿಂದೆ ಅಡುಗೆಮನೆಯಲ್ಲಿ, ಸರಿಯಾಗಿ ತಿರುಗಿಸದ ನಲ್ಲಿಯ ಹನಿಗಳು ಬರಿಯ ಸ್ಟೀಲಿನ ತೊಟ್ಟಿಗೆ ಬೀಳುವ ಸದ್ದು ಕೇಳಿಸುತ್ತಿತ್ತು.

ಸಿಗಿನ್ ಅಲ್ಲಿ, ಖಾಲಿ ಬೋಗುಣಿ ಹಿಡಿದ ನನ್ನ ಜಾಗದಲ್ಲೇ, ನಿಂತಿದ್ದಳು. ಅವಳನ್ನು ನಾನು ಮೊದಲ ಬಾರಿಗೆ ಕಂಡೆ.

ಒಳಗೆ ಹೋಗಿ ಅನಘಾಳನ್ನು ಪಕ್ಕಕ್ಕೆ ಕೂರಿಸಿಕೊಂಡೆ.

"ಸಿಗಿನ್‌ಗೆ ಒಬ್ಬ ಸವತಿ ಇದ್ದಳು ಅಂತ ನೀನೇ ಹೇಳಿದ್ಯಲ್ಲ. ಸವತಿ ಅಂದ್ರೆ ಗಂಡನ ಇನ್ನೊಬ್ಬ ಹೆಂಡತಿ. ರಾಕ್ಷಸಿ."

"ಗೊತ್ತು. ವುಲ್ಫ್, ಸರ್ಪೆಂಟ್, ಎಲ್ಲ ಅವಳ ಮಕ್ಕಳು."

"ಆ ಮಕ್ಕಳಿಗೆ ದೇವತೆಗಳೂ ಹೆದರ್ತಾರೆ. ಅವರ ಹೆಸರು ಎಲ್ಲರಿಗೂ ಗೊತ್ತು. ಸಿಗಿನ್ ಹೆಸರು ಹೇಳಿದ್ರೆ ಬೋಗುಣಿ ಒಂದೇ ನೆನಪಾಗೋದು. ಒಂದು ದಿನ ಬೋಗುಣಿ ತುಂಬಿತು. ಚೆಲ್ಲೋಕೆ ಗುಹೆ ಬಾಗಿಲಿಗೆ ಹೋದಳು. ಅಲ್ಲಿಂದ ದೂರದಲ್ಲಿ ಸಮುದ್ರ ಕಾಣ್ತಿತ್ತು. ಅದರೊಳಗೆ ಸವತಿಯ ಮಗ, ಆ ಮಹಾಸರ್ಪ, ಭೂಮೀನೆಲ್ಲ ಸುತ್ತಿಕೊಂಡು ಮಲಗಿದ್ದ. ಅವಳು ವಿಷ ಚೆಲ್ಲಿದಳು. ತಕ್ಷಣ ತಿರುಗಬೇಕಿತ್ತು. ತಿರುಗಲಿಲ್ಲ."

ಅನಘಾ ನನ್ನ ಕಡೆಗೆ ಸರಿದಳು.

"ಸವತಿ ಗಂಡನನ್ನ ಬಿಟ್ಟುಹೋದಳು, ಆದ್ರೂ ಲೋಕವೆಲ್ಲ ಅವಳ ಮಕ್ಕಳ ಕಥೇನೇ ಹೇಳತ್ತೆ. ಇಲ್ಲಿ ನಿಂತಿರೋಳು ನಾನು, ನನ್ನ ಕಥೆ ಎಲ್ಲಿ ಅಂದುಕೊಂಡಳು. ಹಿಂದೆ ಹನಿ ಬಿತ್ತು. ಕೇಳಿಸಿತು. ಆದ್ರೂ ನಿಂತಳು. ಇನ್ನೊಂದು ಹನಿ. ಭೂಮಿ ನಡುಗಿತು. ಅವತ್ತು ಭೂಮಿ ನಡುಗಿದ್ದು ಅವನ ನೋವಿಗೆ ಮಾತ್ರ ಅಲ್ಲ ಪುಟ್ಟಿ, ಇವಳ ಹೊಟ್ಟೆಕಿಚ್ಚಿಗೂ."

"ಹೂಂ" ಎಂದಳು ಅನಘಾ.

ಎಷ್ಟೋ ತಿಂಗಳ ಮೇಲೆ ಬಂದ ಹೂಂಕಾರ.

"ಆಮೇಲೆ? ಶಿವ ಬಂದ್ನಾ?"

"ಇಲ್ಲ. ಯಾರೂ ಬರಲಿಲ್ಲ. ಅವಳೇ ಬಂದಳು. ಬೋಗುಣಿ ಹಿಡ್ಕೊಂಡು ವಾಪಸ್ ಓಡಿ ಬಂದಳು. ಪ್ರತಿ ಸಲಾನೂ ಅವಳೇ ಬರ್ತಾಳೆ."

ಅನಘಾ ನನ್ನ ಎದೆಗೆ ನೇರವಾಗಿ ತಾಗುವಂತೆ ಹೇಳಿದಳು. "ಇದನ್ನ ನ್ಯಾನ್‌ಗೆ ಹೇಳ್ಬೇಕು."

ಬೇಡವೆನ್ನಬಹುದಿತ್ತು. ಫೋನ್ ಎಲ್ಲಿದೆಯೋ ಗೊತ್ತಿಲ್ಲವೆನ್ನಬಹುದಿತ್ತು. ಹನಿ ಬೀಳುವ ಸದ್ದು ಕೇಳಿಸಿಯೂ ನಿಂತಿರುವುದು ಎಷ್ಟು ಸುಲಭವೆಂದು ನನಗೆ ಆಗತಾನೇ ತಿಳಿದಿತ್ತು. ಎದ್ದುಹೋಗಿ, ಅಂಕಿಗಳನ್ನು ಅನಘಾ ಹೇಳಿದಂತೆ ನಾನೇ ಒತ್ತಿದೆ. ಇಂಗ್ಲಿಷಿನಲ್ಲಿ ನಾನು ಮಾಡಿದ ಮೊದಲ ದೂರವಾಣಿ ಕರೆ ಅದು. ಹೇಳಬೇಕಾದ್ದನ್ನು ಒಂದೊಂದೇ ಪದವಾಗಿ ಕಟ್ಟಿ ಹೇಳಿದೆ. ಕಟ್ಟು ಕಳಚಿದಲ್ಲಿ ಅನಘಾ ಜೋಡಿಸಿದಳು. ಆ ತುದಿಯಿಂದ ಗುನಿಲ್ಡಮ್ಮ ಏನೋ ಹೇಳಿದರು.

"ಅಜ್ಜಿ, ನ್ಯಾನ್ ಹೇಳ್ತಿದಾರೆ, ಚೆಲ್ಲೋಕೆ ಹೋದ ಸಿಗಿನ್ ಹೊರಗೆ ಎಲ್ಲಿ ನಿಂತ್ಕೊತಾಳೆ ಅಂತ ಅವರಮ್ಮನ್ನ ಅವರು ಕೇಳ್ಲೇ ಇಲ್ವಂತೆ."

"ಮತ್ತೆ?"

"ನಿನ್ನ ಶಿವಂಗಿಂತ ಇದು ಬೆಟರ್ ಅಂತೆ."

ನನಗೆ ನಗು ಬಂತು. ಆ ತುದಿಯಲ್ಲೂ ನಕ್ಕ ಸದ್ದಾಯಿತು.

ಈಗ ಶನಿವಾರದ ಮಧ್ಯಾಹ್ನಗಳಲ್ಲಿ ಫೋನಿನ ಸ್ಪೀಕರ್ ಹಾಕಿ ನಡುವೆ ಇಡುತ್ತೇವೆ. ಸಿಡ್ನಿಯಿಂದ ಗುನಿಲ್ಡಮ್ಮ ಕಥೆಯ ಒಂದು ಭಾಗವನ್ನು ಹೇಳಿ ನಿಲ್ಲಿಸುತ್ತಾರೆ, ನಾನು ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸುತ್ತೇನೆ. ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು. ಬಲ್ಲ ಕೆಲಸ ಇಷ್ಟು ದೂರ ಬಂದು ನನ್ನನ್ನು ಹುಡುಕಿಕೊಂಡಿತು. ಇಬ್ಬರೂ ನಿಂತಾಗ ಅನಘಾ ಒಂದೇ ಒಂದು ಹೂಂ ಅನ್ನುತ್ತಾಳೆ. ಅದು ಅವರಿಗೋ ನನಗೋ ಎಂದು ನಾನು ಇಂದಿಗೂ ಕಿವಿಗೊಟ್ಟು ಅಳೆಯುತ್ತೇನೆ. ಅಸೂಯೆ ಹೋಗಿದೆಯೆಂದು ದೇವರ ಮುಂದೆ ಸುಳ್ಳಾಡಲಾರೆ. ತಿಪಟೂರಿನ ಕಲ್ಲಿನ ಮಂಟಪದಲ್ಲಿ ಕುಳಿತಂತೆ ಅರ್ಥ ಹೇಳುತ್ತಿರುವಾಗ ಕಿಟಕಿಯಾಚೆ ಬಿಳಿಯ ಗಿಳಿಗಳು ಕಿರುಚಿಕೊಂಡು ಹೋಗುತ್ತವೆ. ಯಾವುದು ಗುಹೆ, ಯಾವುದು ಅದರ ಬಾಗಿಲು ಎಂದು ಹೇಳಲಾರದ ಜಾಗದಲ್ಲಿ ನಾನಿದ್ದೇನೆ. ಅಲ್ಲಿಯದನ್ನು ತುಂಬಿಕೊಂಡು ಇಲ್ಲಿಗೆ ಬರುತ್ತೇನೆ, ಇಲ್ಲಿಯದನ್ನು ಹೊತ್ತು ಅಲ್ಲಿಗೆ ತಿರುಗುತ್ತೇನೆ.

ಬರೆದವಳಿಗೂ ಓದಿದವರಿಗೂ ಶುಭವಾಗಲಿ. ಹಗಲೆಲ್ಲ ದುಡಿದು ಬರುವ ಸುಮಾಳಿಗೂ ರಘುವಿಗೂ ಆಯುರಾರೋಗ್ಯವಿರಲಿ. ಅನಘಾಳ ಕಿವಿ ಎರಡು ಭಾಷೆಗೂ ತೆರೆದೇ ಇರಲಿ. ಕೈ ಸೋತರೂ ಹಿಂದಿರುಗಿ ಬರುವ ಸಿಗಿನ್‌ಳ ಬೋಗುಣಿ ಎಂದಾದರೂ ಖಾಲಿಯಾಗಿ ಉಳಿಯಲಿ. ಗುನಿಲ್ಡಮ್ಮನ ಹೆಸರನ್ನು ಮೊದಲಿಗೆ ಇಡಲು ಮನಸ್ಸು ಒಪ್ಪದೆ ಕೊನೆಗೆ ಇಟ್ಟಿದ್ದೇನೆ. ಮಂಗಳದಲ್ಲಿ ಕೊನೆಯ ಹೆಸರೇ ಹೆಚ್ಚು ಹೊತ್ತು ಕಿವಿಯಲ್ಲಿ ನಿಲ್ಲುವುದೆಂದು ಬಲ್ಲೆ, ಆದರೂ ಇಟ್ಟಿದ್ದೇನೆ. ಅವರ ಗುಲಾಬಿಗೆ ಮಳೆ ಬರಲಿ.