ಮೂರನೇ ಸಿಲಿಂಡರ್

ಜಪಾನಿನ ಉರಯಾಸು ಪಟ್ಟಣದ ನಮ್ಮ ಬೀದಿಯಲ್ಲಿದ್ದ ಮೆಕ್ಯಾನಿಕ್ ಅರವತ್ತು ದಾಟಿದ ಜಪಾನಿ ಹೆಂಗಸು. ಬಾನೆಟ್ ಎತ್ತುವ ಮುನ್ನ ಟೋಪಿ ತೆಗೆದಿಡುತ್ತಿದ್ದರು. ಯಾರು ಏನೇ ಹೇಳಲಿ, "ಮೊದಲು ಅಳೆಯೋಣ" ಎನ್ನುತ್ತಿದ್ದರು.

ಮಗಳ ಗಾಲಿಕುರ್ಚಿ ಹತ್ತಿಸಲೆಂದೇ ಹಲಗೆ ಜೋಡಿಸಿದ್ದ ನಮ್ಮ ಹಳೆಯ ಕಾರು ಗಡಗಡ ನಡುಗತೊಡಗಿತ್ತು. ಬೇರೆ ಗ್ಯಾರೇಜಿನವರು ಗುಜರಿಗೆ ಹಾಕಿ ಎಂದಿದ್ದರು. ಇವರು ಅಳೆದರು. ಎಂಜಿನ್ನಿನ ಮೂರನೇ ಸಿಲಿಂಡರಿನಲ್ಲಿ ಒತ್ತಡ ಅರ್ಧದಷ್ಟೂ ಇರಲಿಲ್ಲ. ಒಳಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆದರು. ಮಾಪಕದ ಮುಳ್ಳು ಏರಲಿಲ್ಲ.

"ಪಿಸ್ಟನ್ ರಿಂಗ್ ಸವೆದಿದ್ರೆ ಆಯಿಲ್ ಆ ಸಂದು ಮುಚ್ಚಿ ಮುಳ್ಳು ಈಗ ಏರ್ತಿತ್ತು. ಸೋರ್ತಿರೋದು ವಾಲ್ವ್, ಅದನ್ನಷ್ಟೇ ಬದಲಿಸಿದ್ರೆ ಸಾಕು. ಕಾರು ಉಳಿಯುತ್ತೆ."

ಸುಟ್ಟಿದ್ದ ವಾಲ್ವ್ ಬದಲಿಸಿ, ನಾಲ್ಕನೆಯ ದಿನ ನಮ್ಮೆದುರೇ ಅಳೆದರು. ನಾಲ್ಕೂ ಸಿಲಿಂಡರುಗಳಲ್ಲಿ ಮುಳ್ಳು ಒಂದೇ ಗುರುತಿಗೆ ಬಂದು ನಿಂತಿತು. ಎಂದೂ ದನಿ ಏರಿಸದ ಆಕೆ ಎರಡೂ ಕೈ ಮೇಲೆತ್ತಿ "ಯತ್ತಾ!" ಎಂದು ಗೆದ್ದವರಂತೆ ಕೂಗಿದರು. ಎದುರಿನ ಕೊಂಬಿನಿ ಅಂಗಡಿಯವರೂ ಹೊರಗೆ ಬಂದು ಚಪ್ಪಾಳೆ ತಟ್ಟಿದರು.