ಕೊನೆಗೆ ಹತ್ತುವವನು

ಶರಣಪ್ಪ ಯಾವ ಗಾಡಿಯನ್ನೂ ಮೊದಲು ಹತ್ತಿದ್ದನ್ನು ನಾನು ಕಂಡಿಲ್ಲ. ತನ್ನ ಮದುವೆಯ ದಿನ ಕೂಡ ಬಾಸಿಂಗ ಕಟ್ಟಿಕೊಂಡೇ ಜೀಪಿನ ಪಕ್ಕ ನಿಂತು, ಹೆಂಡತಿ, ಬೀಗರು, ಸೋದರತ್ತೆ ಎಲ್ಲರನ್ನೂ ಹತ್ತಿಸಿ, ಜೀಪಿನ ಬೆನ್ನಿಗೆ ಎರಡು ಸಲ ತಟ್ಟಿ, "ರೈಟ್, ಹೋಗೂಣು" ಅಂದ ಮೇಲೆಯೇ ಹಿಂದೆ ಜೋತುಬಿದ್ದ. ಆಗ ಅವನು ಕಂಡಕ್ಟರ್ ಕೆಲಸಕ್ಕೆ ಸೇರಿ ಬರೀ ಆರು ತಿಂಗಳಾಗಿತ್ತು.

ಕುಷ್ಟಗಿಯಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ಅವನ ಆಯುಷ್ಯ ಸವೆಯಿತು. ಒಮ್ಮೆ ಕನಕಗಿರಿಯ ಸಂತೆಯ ದಿನ ನಾನೂ ಆ ಬಸ್ಸಿನಲ್ಲಿದ್ದೆ. ಒಬ್ಬ ಮುದುಕಿ ಸೀಟಿನ ಮೇಲೆ ಗಂಟು ಇಟ್ಟು ನೀರು ಕುಡಿಯಲು ಇಳಿದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಿಸಿಲಲ್ಲಿ ಬೇಯುತ್ತಿದ್ದ ಮಂದಿ ಬಾಯಿಗೆ ಬಂದಂತೆ ಬೈದರು. ಶರಣಪ್ಪ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. "ಗಂಟು ಹತ್ತೇತ್ರಿ, ಗಂಟಿನ ಯಜಮಾನ್ತಿ ಹತ್ತಿಲ್ಲ. ಕುಂತಾದ್ರೂ ಹೋಗ್ರಿ, ನಿಂತಾದ್ರೂ ಹೋಗ್ರಿ, ಯಾರನ್ನೂ ಬಿಟ್ಟು ಮಾತ್ರ ಹೋಗಬ್ಯಾಡ್ರಿ" ಅಂದ. ಮುದುಕಿ ಬಂದಳು, ಹತ್ತಿದಳು, ತಡವಾಯಿತೆಂದು ಅವನನ್ನೇ ಬೈದಳು.

ದಿಲ್ಲಿ ನೋಡುವ ಹುಚ್ಚು ನಮಗೆ ಹಿಡಿದದ್ದು ಮೊಣಕಾಲು ಕೈಕೊಟ್ಟ ಮೇಲೆ, ಅದೂ ಜನವರಿಯ ಚಳಿಯಲ್ಲಿ. ಕುಷ್ಟಗಿಯ ಶಾಲೆಯಲ್ಲಿ ಕೂಡಿ ಕಲಿತ ಐದು ಜನ ಗೆಳೆಯರು ಹೊರಟೆವು. ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುವ ಬಸವರಾಜ, ಮುನಿರಾಬಾದಿನ ನೀರಾವರಿ ಕಚೇರಿಯಿಂದ ನಿವೃತ್ತನಾದ ಈರಣ್ಣ, ಬಟ್ಟೆ ಅಂಗಡಿಯ ಮಹಾಂತೇಶ, ಮಾಸ್ತರಿಕೆ ಮುಗಿಸಿದ ನಾನು, ಮತ್ತು ರೊಟ್ಟಿ, ಶೇಂಗಾ ಹಿಂಡಿಯ ಚೀಲ ಹೊತ್ತ ಶರಣಪ್ಪ.

ದಿಲ್ಲಿಯಲ್ಲಿ ಮಂಜು ಬಿಟ್ಟರೆ ನಾವು ನೋಡಿದ್ದು ಕಡಿಮೆ. ಮೂರನೆಯ ದಿನಕ್ಕೆ ಕೋಟೆ ಯಾವುದು, ಗೋರಿ ಯಾವುದು ಎಂಬುದೇ ತಲೆಯಿಂದ ಹೋಗಿತ್ತು. ಎಲ್ಲಿ ಹೋದರೂ ಮೆಟ್ಟಿಲು, ಎಲ್ಲಿ ಹೋದರೂ ಸರದಿ. ನಾನು ಕಲ್ಲುಕಟ್ಟೆ ಕಂಡಲ್ಲೆಲ್ಲ ಕೂತುಬಿಡುತ್ತಿದ್ದೆ. ಶರಣಪ್ಪ ಮಾತ್ರ ಪ್ರತಿ ಬಾಗಿಲಲ್ಲಿ ನಿಂತು ನಮ್ಮ ಮಂಕಿ ಟೋಪಿಗಳನ್ನು ಎಣಿಸುತ್ತಿದ್ದ. "ನಾಕು. ಸರಿ ಐತಿ, ರೈಟ್." ಒಮ್ಮೆ ಮಂಜಿನಲ್ಲಿ ಯಾರೋ ಗುರುತಿಲ್ಲದವನ ತಲೆಯನ್ನೂ ಸೇರಿಸಿ ಎಣಿಸಿ, ಆಮೇಲೆ ಈರಣ್ಣನನ್ನು ಹುಡುಕಿಕೊಂಡು ಓಡಿದ. ಕಂಡಕ್ಟರ್ ತನ್ನನ್ನು ಎಣಿಸಿಕೊಳ್ಳುವುದಿಲ್ಲ. ಅವನ ಲೆಕ್ಕದಲ್ಲಿ ನಾವು ಐದು ಜನ ಎಂದೂ ಐದಾಗಲೇ ಇಲ್ಲ.

ಆ ಮೂರನೆಯ ದಿನ ಸಂಜೆ ನಾವು ಕಾಯುತ್ತಿದ್ದ ಮೆಟ್ರೋ ಬಂತು. ಶರಣಪ್ಪ ನಮ್ಮ ನಾಲ್ವರನ್ನೂ ಒಳಗೆ ನೂಕಿ, ಎಣಿಸಿ, ಡಬ್ಬಿಯ ಮೈಗೆ ಎರಡು ಸಲ ತಟ್ಟಿ "ರೈಟ್" ಅಂದ. ಬಾಗಿಲು ಮುಚ್ಚಿತು. ಅವನು ಹೊರಗೇ ಉಳಿದ. ಗಾಜಿನಾಚೆ ಅವನ ಕೈ ಇನ್ನೂ ಎತ್ತಿದಂತೆಯೇ ಇತ್ತು.

ಅವನ ಫೋನು ಪವರ್ ಬ್ಯಾಂಕಿಗೆ ಹಚ್ಚಿ ನನ್ನ ಚೀಲದಲ್ಲಿತ್ತು. ನಾವು ಮುಂದಿನ ನಿಲ್ದಾಣದಲ್ಲಿ ಇಳಿದು ತಿರುಗಿ ಬರುವಾಗ ದಾರಿ ತಪ್ಪಿ, ಬೇರೆ ಗಾಡಿ ಹತ್ತಿ, ಮತ್ತೆ ಮೆಟ್ಟಿಲು ಹತ್ತಿಳಿದು ಒಂದೂವರೆ ತಾಸಾಯಿತು. ಶರಣಪ್ಪ ಅದೇ ಜಾಗದಲ್ಲಿ ನಿಂತಿದ್ದ. ಆ ಎತ್ತರದ ನಿಲ್ದಾಣದ ಗಾಳಿಗೆ ತುಟಿ ನೀಲಿಯಾಗಿತ್ತು, ಮೂಗು ಸೋರುತ್ತಿತ್ತು. ನಮ್ಮನ್ನು ಕಂಡವನೇ ಎಣಿಸಿದ.

"ನಾಕೂ ಮಂದಿ ಬಂದ್ರಿ. ಛಲೋ ಆತು."

ನನ್ನ ಕಾಲು ನೋವೆಲ್ಲ ನಾಲಿಗೆಗೆ ಬಂತು. "ಇದೇನು ನಿನ್ನ ಬಸ್ಸೇನೋ? ನೀ ಬರದಿದ್ರ ನಾವು ನಾಕು ಮಂದಿ ಆರಾಮ ಇರ್ತಿದ್ವಿ!" ಎಂದು ಅಷ್ಟು ಜನರ ನಡುವೆ ಕೂಗಿಬಿಟ್ಟೆ.

ಅವನು ನನ್ನ ಮುಖ ನೋಡಿದ. "ಥಂಡಿ ಭಾಳ ಐತಿ ಮಾಸ್ತರ. ಗಾಡಿ ಬಂತು, ನೀ ಮೊದಲು ಹತ್ತು" ಅಂದ. ಆಗಲೂ ಹಿಂದೆಯೇ ನಿಂತ. ಬಸವರಾಜ ಅವನ ರಟ್ಟೆ ಹಿಡಿದು ಒಳಗೆಳೆದುಕೊಂಡ. ನಾನು ಕೈ ಚಾಚಲಿಲ್ಲ.

ಊರಿಗೆ ಮರಳುವ ರೈಲಿನಲ್ಲಿ ಅವನು ನಿಲ್ದಾಣ ನಿಲ್ದಾಣದಲ್ಲಿ ಇಳಿದು ಚಹ ತಂದುಕೊಟ್ಟ. ನನಗೆ ಕೊಡುವಾಗ ಸಕ್ಕರೆ ಕಡಿಮೆ ಹಾಕಿಸಿದ್ದನ್ನು ಹೇಳಲು ಮರೆಯಲಿಲ್ಲ. ತಪ್ಪಾಯಿತು ಅನ್ನಬೇಕೆಂದು ಎರಡು ಸಲ ಬಾಯಿ ತೆರೆದೆ. ಕೊಪ್ಪಳದಲ್ಲಿ ಇಳಿದಾಗ ಹೇಳೋಣ ಅಂದುಕೊಂಡೆ. ಇಳಿದಾಗ ಚೀಲ ಇಳಿಸುವ ಗಡಿಬಿಡಿ. ಯುಗಾದಿಗೆ ಅವನ ಮನೆಗೆ ಹೋದಾಗಲೂ ದಿಲ್ಲಿಯ ಮಾತೆತ್ತಿ ನಕ್ಕೆವು, ನಾನು ಆ ಮಾತು ಬಿಟ್ಟು ಬೇರೆಲ್ಲ ಆಡಿದೆ. ಸಂಕೋಚ ಅನ್ನಲೋ, ಸೊಕ್ಕು ಅನ್ನಲೋ, ನನಗೇ ತಿಳಿಯದು.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಎದೆನೋವೆಂದು ಕೂತವನು ಏಳಲಿಲ್ಲ. ಕುಷ್ಟಗಿಗೆ ಹೋಗಿ ಮಣ್ಣು ಕೊಟ್ಟೆವು.

ಮರಳಲು ಬಸವರಾಜನ ಕಾರು ಹತ್ತಿದೆವು. ಅವನು ಚಾವಿ ತಿರುವಿ, ಹಿಂದೆ ನೋಡದೆ, "ಎಲ್ಲಾರೂ ಹತ್ತಿದ್ರೇನು?" ಅಂದ. ಕಾರಿನ ಬೆನ್ನಿಗೆ ಯಾರೂ ತಟ್ಟಲಿಲ್ಲ. ನಾನೇ ಎಣಿಸಿದೆ. ನಾಲ್ಕು. ಶರಣಪ್ಪನ ಲೆಕ್ಕ ಸರಿಯಾಗಿತ್ತು, ನಾನು ದಿಲ್ಲಿಯಲ್ಲಿ ಕೂಗಿ ಕೇಳಿಕೊಂಡಷ್ಟೇ ಮಂದಿ ಇದ್ದೆವು.

ರೈಟ್ ಅನ್ನಲು ನನಗೆ ಬಾಯಿ ಬರಲಿಲ್ಲ. ಬಸವರಾಜನೂ ಗಾಡಿ ಬಿಡಲಿಲ್ಲ.