ಐದು ತಲೆಮಾರಿನ ಒಂದು ಸಾಲು

ನಮ್ಮ ವಂಶದಲ್ಲಿ ಉಳಿ ಹಿಡಿಯದ ಮೊದಲ ಗಂಡಸು ನಾನು. ಹಾಗಾಗಲೆಂದು ಅಪ್ಪ ಪಟ್ಟ ಪಾಡು ಅಷ್ಟಿಷ್ಟಲ್ಲ. ಊರಿನ ಸುತ್ತಮುತ್ತ ಅರ್ಧಕ್ಕರ್ಧ ಮನೆಗಳ ಬಾಗಿಲು, ದಾರಂದ ಕೆತ್ತಿದ ಆಚಾರಿ ಅವರು. ನಾನು ಕೆಲಸದ ಚಪ್ಪರದ ಕಡೆ ಸುಳಿದರೆ ಸಾಕು, "ನಿನಗೆಂತ ಕೆಲಸ ಇಲ್ಲಿ? ಹೋಗಿ ಓದು" ಎಂದು ಗದರುತ್ತಿದ್ದರು. ಹಾಗೆ ಓದಿ, ಬಿ.ಕಾಂ. ಮುಗಿಸಿ, ಟೈಪಿಂಗ್ ಕಲಿತು, ಎಂಬತ್ತರ ದಶಕದ ನಡುವೆ ಮಸ್ಕತ್ತಿನಲ್ಲಿ ಬಂದಿಳಿದೆ. ಬಡಗಿಯ ವೀಸಾದಲ್ಲಿ.

ನನ್ನನ್ನು ಕರೆಸಿಕೊಂಡ ಅಲ್ಲಿನ ಪ್ರಾಯೋಜಕ, ಅಂದರೆ ಕಫೀಲನ ಬಳಿ ಗುಮಾಸ್ತರ ವೀಸಾ ಮುಗಿದು ಬಡಗಿಯದ್ದೊಂದೇ ಉಳಿದಿತ್ತಂತೆ. ವಾದಿ ಕಬೀರಿನ ಕಟ್ಟಡ ಕಂಪನಿಯೊಂದರ ಆಫೀಸಿನಲ್ಲಿ ಎ.ಸಿ. ಕೆಳಗೆ ಕೂತು ಟೈಪ್ ಮಾಡುತ್ತಿದ್ದ ನಾನು, ಲೇಬರ್ ಕಾರ್ಡಿನ ಪ್ರಕಾರ ನಜ್ಜಾರ್, ಅಂದರೆ ಬಡಗಿ. ಅಪ್ಪನಿಗೆ ಇದನ್ನು ತಿಳಿಸಲಿಲ್ಲ. ರೂಮಿನವರಿಗೆ ಅಪ್ಪ ಕಂಟ್ರಾಕ್ಟರ್ ಎಂದಿದ್ದೆ. ಒಟ್ಟಿನಲ್ಲಿ ಆಚಾರಿಯ ಮಗ ಎಂಬ ಸತ್ಯ ಒಮಾನ್ ಸರಕಾರಕ್ಕೆ ಮಾತ್ರ ಹೇಗೋ ಗೊತ್ತಾಗಿತ್ತು.

ಮದುವೆಯಾಗುವವರೆಗೆ ಇದು ತಮಾಷೆಯೇ ಆಗಿತ್ತು. ಆದರೆ ಬಡಗಿಯ ಕಾರ್ಡಿನವನು ಹೆಂಡತಿಯನ್ನು ಕರೆಸಿಕೊಳ್ಳುವಂತಿಲ್ಲ, ಗುಮಾಸ್ತ ಕರೆಸಿಕೊಳ್ಳಬಹುದು. ಇಪ್ಪತ್ತೆಂಟು ದಿನ ಜೊತೆಗಿದ್ದು ಬಿಟ್ಟುಬಂದ ಹೆಂಡತಿ ಊರಿನಲ್ಲಿ ನನ್ನ ಅಪ್ಪನ ಜೊತೆಗಿದ್ದಳು. ಪಿ.ಯು.ಸಿ. ಮಾಡಿದವಳು, ಇಂಗ್ಲಿಷ್ ನನಗಿಂತ ಚೆನ್ನಾಗಿ ಓದುತ್ತಿದ್ದಳು. ಕಾರ್ಡಿನ ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೇ. ಪಾಸ್‌ಪೋರ್ಟ್ ಮಾಡಿಸಿಕೊಂಡು ಕಾಯುತ್ತಿದ್ದಳು. ಆ ಒಂದು ಪದ ಬದಲಾದರೆ ಸಾಕಿತ್ತು.

ಆ ಸಮಯಕ್ಕೇ ನಮ್ಮ ಅಮೆರಿಕನ್ ಮ್ಯಾನೇಜರ್ ಕೈಬರಹದ ದಪ್ಪ ಕಟ್ಟೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅವರ ಮುತ್ತಜ್ಜನ ಚರಿತ್ರೆ. ಆಫೀಸು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತಿತ್ತು, ಆ ಹೊತ್ತಿನಲ್ಲಿ ಟೈಪ್ ಮಾಡಿಕೊಡಲು ಕೇಳಿದರು. ನೂರು ವರ್ಷದ ಹಿಂದಿನ ಆ ಮುತ್ತಜ್ಜ ಒಂದು ಹಳ್ಳಿಯ ಬಡಗಿ. ಎರಡು ಮದುವೆ, ಹನ್ನೊಂದು ಮಕ್ಕಳು. ತೊಟ್ಟಿಲು, ಗಾಡಿಯ ಚಕ್ರ, ಶವಪೆಟ್ಟಿಗೆ ಎಲ್ಲವೂ ಒಂದೇ ಹಲಗೆಯ ರಾಶಿಯಿಂದ. ಪಾದ್ರಿಯ ಜೊತೆ ಮಾತಿಗೆ ಮಾತು ಬೆಳೆದು, ಅರ್ಧ ಮಾಡಿದ್ದ ಚರ್ಚಿನ ಬೆಂಚನ್ನು ಹೊತ್ತುಕೊಂಡು ಮನೆಗೆ ಹೋದದ್ದಕ್ಕೇ ಎರಡು ಪುಟ. ನಮ್ಮಲ್ಲಿ ಇಂಗ್ಲಿಷ್ ಕಲಿತವರು ಮನೆಯ ಕಸುಬನ್ನು ಮೂಲೆಗೆ ತಳ್ಳುತ್ತೇವೆ, ಇವರು ಹುಡುಕಿ ತಂದು ನಡುಮನೆಯಲ್ಲಿ ಕೂರಿಸಿದ್ದರು.

"ನಿಮ್ಮ ಮನೆತನದ ಕೆಲಸ ಏನು?" ಎಂದು ಒಂದು ದಿನ ಕೇಳಿದರು. ಆ ದೇಶದಲ್ಲಿ ಮೊದಲ ಸಲ ನಾನು ಬಾಯಿಬಿಟ್ಟು ನಿಜ ಹೇಳಿದೆ. ಅವರು ಎದ್ದು ನಿಂತು ನನ್ನ ಕೈ ಕುಲುಕಿದರು. ಎಷ್ಟು ತಲೆಮಾರು ಎಂದರು. ಗೊತ್ತಿರಲಿಲ್ಲ, ಅಪ್ಪನಿಗೆ ಬರೆದೆ. ಉತ್ತರದಲ್ಲಿ ಐದು ಹೆಸರು, ಒಂದರ ಕೆಳಗೊಂದು, ಯಾರು ಏನು ಕೆತ್ತಿದರು ಎಂಬ ವಿವರದೊಂದಿಗೆ. ಕೊನೆಯಲ್ಲಿ, "ಇದನ್ನೆಲ್ಲ ಕೇಳಿದ್ದು ಯಾರು ಮಗಾ? ನನ್ನ ಹತ್ತಿರ ಇಷ್ಟು ವರ್ಷ ಯಾರೂ ಕೇಳಿದ್ದಿಲ್ಲ" ಎಂದಿತ್ತು.

ಕಾರ್ಡು ಬದಲಿಸಲು ಶಿಫಾರಸು ಪತ್ರ ಬೇಕೆಂದಾಗ ಮ್ಯಾನೇಜರ್ ಅಲ್ಲೇ ಕೂತು ಬರೆದರು. ಈತ ಮೂರು ವರ್ಷದಿಂದ ಗುಮಾಸ್ತನ ಕೆಲಸವನ್ನೇ ಮಾಡುತ್ತಿದ್ದಾನೆ, ಬಡಗಿ ಎಂದಿರುವುದನ್ನು ತಿದ್ದಬೇಕು. ಕೊನೆಯ ಸಾಲು: ಐದು ತಲೆಮಾರಿನಿಂದ ನುರಿತ ಬಡಗಿಗಳಾದ ಗೌರವಸ್ಥ ಮನೆತನದವನು ಈತ. ಟೈಪ್ ಮಾಡಲು ನನಗೇ ಕೊಟ್ಟರು.

ನಾನೇನು ದಡ್ಡನಲ್ಲ. ಬಡಗಿಯಲ್ಲ ಎಂದು ಸಾಧಿಸುವ ಕಾಗದದಲ್ಲಿ ಆ ಸಾಲು ಏನು ಮಾಡೀತು ಎಂದು ಕಂಡಿತ್ತು. ಬೇಡ ಸರ್ ಎಂದಿದ್ದರೆ ತಕ್ಷಣ ತೆಗೆಯುತ್ತಿದ್ದರು. ಆದರೆ ನಮ್ಮ ಕಸುಬಿನ ಪಕ್ಕದಲ್ಲಿ ಗೌರವ ಎಂಬ ಮಾತನ್ನು ನಾನು ಕಂಡದ್ದು ಅದೇ ಮೊದಲು. ಹೊಡೆದುಹಾಕಲು ಮನಸ್ಸು ಬರಲಿಲ್ಲ. ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಒಂದಕ್ಷರ ತಪ್ಪಿಲ್ಲದೆ ಟೈಪ್ ಮಾಡಿದೆ. ಒಂದು ಜೆರಾಕ್ಸ್ ತೆಗೆದು ಅಪ್ಪನಿಗೂ ಕಳಿಸಿದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಧೈರ್ಯ.

ಕಂಪನಿಯ ಕಾಗದಪತ್ರಗಳಿಗೆ ಓಡಾಡುವ ಮಂದೂಬ್, ಒಮಾನಿನ ಹಿರಿಯ, ವಾರದ ನಂತರ ಲೇಬರ್ ಆಫೀಸಿನಿಂದ ಫೈಲು ವಾಪಸು ತಂದ. "ಭಾಯಿ, ಅವರು ಓದಿ ನಕ್ಕರು. ಬಾಪ್ ನಜ್ಜಾರ್, ದಾದಾ ನಜ್ಜಾರ್, ಕಾರ್ಡ್ ಸರಿಯಾಗಿಯೇ ಉಂಟಲ್ಲ ಅಂದರು. ಖಲಾಸ್." ಮತ್ತೆ ಕೇಳಬೇಕಾದರೆ ಎರಡು ವರ್ಷ ಕಾಯಬೇಕಿತ್ತು. ಮ್ಯಾನೇಜರ್ ನಿಜಕ್ಕೂ ನೊಂದುಕೊಂಡರು. "ಕೊನೆಯ ಸಾಲನ್ನು ಅವರು ಸರಿಯಾಗಿ ಓದಲಿಲ್ಲವೇನೋ" ಎಂದರು.

ಹೆಂಡತಿಗೆ, ಗುಮಾಸ್ತರ ವೀಸಾ ಈ ವರ್ಷದ್ದು ಮುಗಿದುಹೋಯಿತಂತೆ, ನಮ್ಮ ಹಣೆಬರಹ ಎಂದು ಬರೆದೆ. ಬರೆಯುವಾಗ ನಾಚಿಕೆಯಾಯಿತು, ಆದರೂ ಬರೆದೆ. ಅವಳ ಉತ್ತರ ಚಿಕ್ಕದಾಗಿತ್ತು.

"ನಿಮ್ಮ ಆಫೀಸಿನ ಕಾಗದಕ್ಕೆ ಮಾವ ಹಲಸಿನ ಮರದ ಚೌಕಟ್ಟು ಮಾಡಿ ಚಾವಡಿಯಲ್ಲಿ ಹಾಕಿದ್ದಾರೆ. ಬಂದವರಿಗೆಲ್ಲ ನನ್ನ ಹತ್ತಿರ ಓದಿಸಿ ಅರ್ಥ ಹೇಳಿಸುತ್ತಾರೆ. ಕಾರ್ಡಿನಲ್ಲಿ ನಿಮ್ಮನ್ನು ಬಡಗಿ ಅಂತ ಬರೆದಿರುವ ಭಾಗ ನಾನು ಹೇಳುವುದಿಲ್ಲ, ಕೊನೆಯ ಸಾಲು ಮಾತ್ರ ಎರಡು ಸಲ ಹೇಳುತ್ತೇನೆ, ಅದು ಅವರಿಗೆ ಇಷ್ಟ. ವೀಸಾ ಯಾಕೆ ಆಗಲಿಲ್ಲ ಅಂತ ಮೊದಲ ಸಲ ಓದಿದಾಗಲೇ ನನಗೆ ಗೊತ್ತಾಯಿತು. ಮಾವನಿಗೆ ಹೇಳಿಲ್ಲ."